ನದಿದಂಡೆಯಲ್ಲಿ ಹೂವೇ ಇಲ್ಲ ಎಂದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಗರದೊಳಗಿನ ನದಿದಂಡೆಯ ಹಾದಿಯನ್ನು ಈ ತುದಿಯಿಂದ ಆ ತುದಿಯವರೆಗೆ ನಡೆದೆ, ಕಳೆ ಬಿಟ್ಟರೆ ಬೇರೇನೂ ಕಾಣಲಿಲ್ಲ ಎಂದು ಬರೆದಿದ್ದೀಯ. ಮಾರಾಯ, ನಾನು ನೋಡಿ ಬಾ ಎಂದದ್ದೇ ಆ ಕಳೆಯನ್ನು!

ಅದೂ ಅಲ್ಲದೆ ನೀನು ಹೋದದ್ದು ಸಂಜೆ. ಕನ್ನೆ ಸೊಪ್ಪಿನ ನೀಲಿ ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡಿಹೋಗುತ್ತದೆ. ಸಂಜೆ ಹೋದವನಿಗೆ ಸಿಗುವುದು ಬರೀ ಹಸಿರು. ತೇವವಿರುವ ಜಾಗದಲ್ಲಿ ನೆಲಕ್ಕಂಟಿ ಹಬ್ಬಿಕೊಂಡಿರುತ್ತದೆ, ಕುಕ್ಕರುಗಾಲಿನಲ್ಲಿ ಕೂತು ನೋಡು. ಮಡಚಿದ ಎಲೆಯಂಥ ಪುಟ್ಟ ಕೋಶದಿಂದ ಹೂವು ಇಣುಕುತ್ತದೆ: ಅಗಲವಾದ ಎರಡು ನೀಲಿ ಎಸಳು, ಅವುಗಳ ಜೊತೆ ಚಿಕ್ಕದೊಂದು, ನಡುವೆ ಹಳದಿ ಕೇಸರ. ಕೋಶವನ್ನು ಮೆಲ್ಲಗೆ ಹಿಚುಕಿದರೆ ಲೋಳೆ ಬೆರಳಿಗೆ ಹತ್ತುತ್ತದೆ. ಇದರ ದೊಡ್ಡ ಚಮತ್ಕಾರ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಈ ಗಿಡ ಮಣ್ಣಿನೊಳಗೂ ಹೂ ಬಿಡುತ್ತದೆ! ಆ ಹೂಗಳು ಅರಳುವುದೇ ಇಲ್ಲ. ಮುಚ್ಚಿಕೊಂಡೇ ತಮ್ಮದೇ ಪರಾಗದಿಂದ ಬೀಜ ಕಟ್ಟುತ್ತವೆ. ಮೇಲೆ ಹುಲ್ಲು ಕತ್ತರಿಸುವ ಯಂತ್ರ ಓಡಾಡಿದರೆ ಅವಕ್ಕೇನು?

ಕಾಂಕ್ರೀಟ್ ಕಟ್ಟೆಯ ಮೇಲೆ ಹುಲ್ಲುಹಾಸು ಬೆಳೆಸಿ ಚೆಂದಗಾಣಿಸಿದ ಭಾಗವನ್ನು ಬೇಗ ದಾಟಿಬಿಡು. ಅಂಥ ಚೆಂದ ನನ್ನ ಕಣ್ಣಿಗೆ ಒಗ್ಗುವುದಿಲ್ಲ. ಬೇಲಿಯ ಮಗ್ಗುಲು, ಸೇತುವೆಯ ಬುಡ, ನೆರೆ ಇಳಿದಾಗ ಉಳಿದ ಮೆಕ್ಕಲು ಮಣ್ಣು, ಹುಡುಕಬೇಕಾದದ್ದು ಇಲ್ಲಿ. ಹೊಳೆ ಎಲ್ಲಿಂದಲೋ ಹೊತ್ತು ತಂದ ಬೀಜಕ್ಕೆ ಹೊಸ ಮೆಕ್ಕಲಿನಲ್ಲಿ ಪೈಪೋಟಿ ಕಡಿಮೆ. ಬಿಳಿ ತುಂಬೆ ಕಂಡರೆ ಸ್ವಲ್ಪ ಹೊತ್ತು ನಿಲ್ಲು, ಚಿಟ್ಟೆಗಳು ತಾವಾಗಿ ಬರುತ್ತವೆ.

ಕಲ್ಲುಹಾಸಿನ ಸಂದಿನಲ್ಲಿ ಟ್ರೈಡಾಕ್ಸ್ ಎಂಬ ಕಳೆ ಇದ್ದೇ ಇರುತ್ತದೆ. ಉದ್ದನೆಯ ತೊಟ್ಟು, ತುದಿಗೆ ಒಂದೇ ಹೂವು, ಹಳದಿ ನಡುವಿನ ಸುತ್ತ ಬಿಳಿಚಿದ ಕೆಲವೇ ಎಸಳು. ಒಂದೊಂದು ಎಸಳಿನ ತುದಿಯೂ ಮೂರು ಹಲ್ಲಾಗಿ ಸೀಳಿರುತ್ತದೆ. ನಾವು ಎಸಳೆಂದು ಎಣಿಸುವ ಒಂದೊಂದೂ ಸ್ವತಃ ಒಂದು ಹೂವು, ನಡುವಿನ ಹಳದಿಯೂ ಹತ್ತಾರು ಪುಟ್ಟ ಹೂಗಳ ಗುಂಪು. ಮಸೂರವೊಂದಿದ್ದರೆ ಜೇಬಿನಲ್ಲಿಟ್ಟುಕೊ, ದುಬಾರಿ ಕ್ಯಾಮೆರಾ ಬೇಡ.

ಎಲ್ಲೆಂದರಲ್ಲಿ ಹಬ್ಬಿ ಕಾಡುವ ಪೊದೆ ಲಂಟಾನ, ಅದನ್ನು ಬೈದುಕೊಂಡೇ ನೋಡು. ಗೊಂಚಲಿನ ನಡುವೆ ಹಳದಿ, ಅಂಚಿಗೆ ಗುಲಾಬಿ. ಒಳಗಿನವು ಎಳೆಯವು, ಹೊರಗಿನವು ಹಳೆಯವು. ಬಣ್ಣ ತಿರುಗಿದ ಹೂವಿನಲ್ಲಿ ಮಕರಂದ ಕಡಿಮೆ. ಇದು ಚಿಟ್ಟೆಗೂ ಗೊತ್ತು, ಅದು ಹೆಚ್ಚಾಗಿ ಹಳದಿಗೇ ಎರಗುತ್ತದೆ. ಲಂಟಾನ, ಟ್ರೈಡಾಕ್ಸ್, ನೀರಿನ ಮೇಲೆ ತೇಲುವ ನೇರಳೆ ಬಣ್ಣದ ವಾಟರ್ ಹಯಸಿಂತ್, ಇವೆಲ್ಲ ಅಮೆರಿಕ ಖಂಡಗಳ ಬಿಸಿ ನಾಡುಗಳಿಂದ ಬಂದವು. ಆ ನೇರಳೆ ಹೂವಿಗೆ ಮರುಳಾಗಿ ಒಂದು ಗಿಡವನ್ನು ಮನೆಗೆ ಹೊತ್ತು ತರಬೇಡ, ಯಾವ ಕೆರೆಗೂ ಎಸೆಯಬೇಡ. ಹಬ್ಬಿತೆಂದರೆ ನೀರೇ ಕಾಣದಂತೆ ಮುಚ್ಚಿಬಿಡುತ್ತದೆ. ಸಣ್ಣ ಬಿಳಿ ಹೂವಿನ ಪಾರ್ಥೇನಿಯಂ ಸಿಕ್ಕರೆ ಮುಟ್ಟದಿರುವುದೇ ಒಳ್ಳೆಯದು, ಕೆಲವರಿಗೆ ಚರ್ಮವೆಲ್ಲ ತುರಿಕೆ, ಕೆಲವರಿಗೆ ಉಬ್ಬಸ.

ಇನ್ನೊಮ್ಮೆ ಹೋದಾಗ, ಬೆಳಿಗ್ಗೆಯೇ ಹೋಗು, ಹೆಸರು ಗೊತ್ತಾಗದ್ದರ ಚಿತ್ರ ಕಳುಹಿಸು. ಎಲೆ, ಕಾಂಡ, ಎಲೆಗಳು ಕಾಂಡಕ್ಕೆ ಕೂತಿರುವ ರೀತಿ ಎಲ್ಲವೂ ಅದರಲ್ಲಿರಲಿ. ಬರೀ ಹೂವಿನ ಚಿತ್ರ ಕಳುಹಿಸಿ ಇದು ಯಾವುದು ಎಂದು ಕೇಳಿದರೆ ಉತ್ತರ ಬರೆಯುವವನು ನಾನಲ್ಲ.

ನಿನ್ನ
ಗೆಳೆಯ