ತಪಸ್ಸು ಕಾಲ: ಬುಧವಾರದಿಂದ ಶುರು

ಎಲ್ಲರಿಗೂ ನಮಸ್ಕಾರ.

ಬರುವ ಬುಧವಾರ, ಫೆಬ್ರವರಿ 18, ವಿಭೂತಿ ಬುಧವಾರ. ಈಸ್ಟರ್‌ಗೆ ಮುಂಚಿನ ಉಪವಾಸ, ಪ್ರಾರ್ಥನೆಯ ತಪಸ್ಸು ಕಾಲ ಅಂದೇ ಶುರು. ಈಸ್ಟರ್ ಏಪ್ರಿಲ್ 5ಕ್ಕೆ. ಭಾನುವಾರಗಳನ್ನು ಬಿಟ್ಟರೆ ನಡುವೆ 40 ದಿನ. ಕಳೆದ ವರ್ಷ ಗರಿಗಳ ಭಾನುವಾರ ಕೊಟ್ಟ ಗರಿ ಮನೆಯಲ್ಲಿದ್ದರೆ ಈ ಭಾನುವಾರ ಪೂಜೆಗೆ ಬರುವಾಗ ತನ್ನಿ. ಬುಧವಾರ ಹಣೆಗೆ ಹಚ್ಚುವ ಬೂದಿ ಅದನ್ನು ಸುಟ್ಟು ಮಾಡಿದ್ದೇ.

ಆ ಬುಧವಾರ ಮತ್ತು ಏಪ್ರಿಲ್ 3ರ ಶುಭ ಶುಕ್ರವಾರ 18ರಿಂದ 59 ವಯಸ್ಸಿನವರಿಗೆ ಉಪವಾಸ. ಒಂದು ಹೊತ್ತು ಪೂರ್ತಿ ಊಟ, ಉಳಿದೆರಡು ಹೊತ್ತು ಸ್ವಲ್ಪ. 14 ದಾಟಿದವರಿಗೆಲ್ಲ ಮಾಂಸ ಇಲ್ಲ. ಶುಗರ್ ಇರುವವರು, ಬಸುರಿಯರು ಹಠ ಮಾಡಬೇಡಿ. ಮೀನಿಗೆ ನಿಯಮದಲ್ಲಿ ತಡೆಯಿಲ್ಲ, ನಿಜ. ಆದರೆ ಕಾರವಾರದಲ್ಲಿ ಕೂತು ಕೋಳಿ ಬಿಟ್ಟು ಇಸ್ವಾಣ ಫ್ರೈ ತಿಂದರೆ ಅದೆಂಥ ತ್ಯಾಗ, ಅಲ್ವಾ? ಹಾಗಾಗಿ ಶುಕ್ರವಾರ ಮೀನನ್ನೂ ಬಿಡೋಣ ಅಂತ ನನ್ನ ಸಲಹೆ. ಒತ್ತಾಯ ಇಲ್ಲ.

ಫೆಬ್ರವರಿ 20ರಿಂದ ಪ್ರತಿ ಶುಕ್ರವಾರ ಸಂಜೆ 6:30ಕ್ಕೆ ಕೋಡಿಬಾಗದ ಒಂದೊಂದು ಮನೆಯಲ್ಲಿ ಶಿಲುಬೆಯ ಹಾದಿ, ಅಂದರೆ ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ನೆನೆಯುವ ಪ್ರಾರ್ಥನೆ. ಅದರ 14 ಸ್ಥಳಗಳ ಪ್ರಾರ್ಥನೆ ಓದಲು ಯುವಕರು ಮುಂದೆ ಬರಲಿ. ಮನೆಯವರು ಚಹಾ ತಿಂಡಿ ಮಾಡುವುದು ಬೇಡ, ನೀರು ಸಾಕು. ಉಳಿದ ದುಡ್ಡು ದಾನದ ಡಬ್ಬಿಗೆ ಹಾಕಿ. ಅದರಿಂದ ಪವಿತ್ರ ವಾರದಲ್ಲಿ, ಅಂದರೆ ಈಸ್ಟರ್ ಹಿಂದಿನ ವಾರ, ಬೈತಖೋಲ ಬಂದರಿನ ದೋಣಿ ಕೆಲಸದವರಿಗೆ ಅಕ್ಕಿ, ಬೇಳೆ ಕೊಡುವ ಯೋಚನೆ ಇದೆ.

ಇನ್ನೊಂದು ಮಾತು. ಬೇಲಿ, ಬಾವಿ ಅಂತ ಮಾತು ಬಿಟ್ಟವರು ನಮ್ಮಲ್ಲೇ ಇದ್ದಾರೆ. ಗುರುಗಳ ಮುಂದೆ ಪಾಪನಿವೇದನೆಗೆ ಹೋಗುವ ಮುಂಚೆ ಆ ಮನೆಗೆ ಒಮ್ಮೆ ಹೋಗಿ ಬನ್ನಿ. ಊಟ ಬಿಡುವುದಕ್ಕಿಂತ ಅದೇ ಕಷ್ಟ.

ಶಿಲುಬೆಯ ಹಾದಿ ಯಾರ ಮನೆಯಲ್ಲಿ ಯಾವ ಶುಕ್ರವಾರ ಅಂತ ಸೋಮವಾರದೊಳಗೆ ಇಲ್ಲೇ ಬರೆಯಿರಿ. ಸುಮ್ನೆ ಕೈ ಮುಗಿಯುವ ಇಮೋಜಿ ಹಾಕಬೇಡಿ, ತಾರೀಖು ಬೇಕು.

ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ.