ಎಕ್ಸ್‌ಟ್ರಾ ಲೈಟ್ ಹಾಕಿಸಿ, ಆದರೆ ರಿಲೇ ಬಿಟ್ಟು ಬೇಡ

ಮಾನ್ಯ ಸಂಪಾದಕರೇ,

ಚೌತಿ ಬಂತೆಂದರೆ ವಾಸ್ಕೋ, ಮಡಗಾಂವ, ಫೋಂಡಾದಿಂದ ಬೆಳಗಾವಿ, ಗದಗ, ಹಾವೇರಿ ಕಡೆಗೆ ಬೈಕಿನ ಮೇಲೇ ಊರಿಗೆ ಹೊರಡುವ ನಮ್ಮ ಜನ ಬಹಳ. ಸಂಜೆ ಕೆಲಸ ಮುಗಿಸಿ ಹೊರಟವರಿಗೆ ಚೋರ್ಲಾ ಘಾಟೋ ಅನಮೋಡ್ ಘಾಟೋ ಕತ್ತಲಲ್ಲೇ ಎದುರಾಗುತ್ತದೆ, ಮಳೆ ಮಂಜು ಎರಡೂ ಜೊತೆಗೆ. ಹಾಗಾಗಿ ಲೆಗ್ ಗಾರ್ಡಿಗೆ ಎರಡು ಎಲ್‌ಇಡಿ ದೀಪ ಕಟ್ಟಿಸಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಕಟ್ಟುವ ರೀತಿ ಮಾತ್ರ ಸರಿ ಹೋಗಬೇಕಾಗಿದೆ. ಹೆಡ್‌ಲೈಟಿನ ವೈರ್ ಸುಲಿದು, ಹೊಸ ವೈರ್ ಸುತ್ತಿ, ಮೇಲೆ ಟೇಪ್ ಹಚ್ಚಿ ಹತ್ತು ನಿಮಿಷದಲ್ಲಿ ಕೈತೊಳೆದುಕೊಳ್ಳುವ ಕೆಲಸ ಬೈಕಿಗೂ ಕೇಡು, ಎದುರು ಬರುವವರಿಗೂ ಕೇಡು.

ಲೆಕ್ಕ ಸರಳ. ತಲಾ 20 ವ್ಯಾಟಿನ ಎರಡು ದೀಪ ಎಂದರೆ 40 ವ್ಯಾಟ್, ಸುಮಾರು 3 ಆಂಪಿಯರ್. ಹ್ಯಾಂಡಲ್ ಸ್ವಿಚ್ಚಿನೊಳಗಿನ ಪುಟ್ಟ ಕಾಂಟ್ಯಾಕ್ಟುಗಳನ್ನು ಈ ಹೆಚ್ಚಿನ ಹೊರೆಗೆಂದು ಮಾಡಿರುವುದಿಲ್ಲ. ಅವು ಬಿಸಿಯಾಗಿ ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಒಂದು ರಾತ್ರಿ ಹೆಡ್‌ಲೈಟೇ ಹೋಗುತ್ತದೆ. ಅದನ್ನು ತಪ್ಪಿಸಲೆಂದೇ ರಿಲೇ ಇರುವುದು, ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಪುಟ್ಟ ಪೆಟ್ಟಿಗೆ. ಸ್ವಿಚ್ಚು ರಿಲೇಯೊಳಗಿನ ತಂತಿಸುರುಳಿ, ಅಂದರೆ ಕಾಯಿಲ್ ಒಂದನ್ನೇ ಎಬ್ಬಿಸುತ್ತದೆ, ಭಾರದ ಕರೆಂಟು ಬ್ಯಾಟರಿಯಿಂದ ನೇರವಾಗಿ ದೀಪಕ್ಕೆ ಹೋಗುತ್ತದೆ.

12 ವೋಲ್ಟಿನ ನಾಲ್ಕು ಕಾಲಿನ ರಿಲೇ ಸಾಕು, ಕಾಲುಗಳ ಪಕ್ಕದಲ್ಲೇ ನಂಬರ್ ಇರುತ್ತದೆ. ಬ್ಯಾಟರಿಯ ಪ್ಲಸ್‌ನಿಂದ ಫ್ಯೂಸ್ ದಾಟಿ ಬಂದ ವೈರ್ 30ಕ್ಕೆ, ದೀಪದ ವೈರ್ 87ಕ್ಕೆ, ಸ್ವಿಚ್ಚಿನಿಂದ ಬಂದದ್ದು 86ಕ್ಕೆ, ಅರ್ಥ್ 85ಕ್ಕೆ. ಅಂಗಡಿಯಲ್ಲಿ ಐದು ಕಾಲಿನದ್ದೇ ಸಿಕ್ಕರೆ ನಡುವಿನ 87ಎ ಕಾಲನ್ನು ಮುಟ್ಟಬೇಡಿ. ದೀಪ ಅದಕ್ಕೆ ಸೇರಿತೆಂದರೆ ಸ್ವಿಚ್ ಆಫ್ ಇದ್ದಾಗಲೇ ಉರಿಯುತ್ತದೆ, ಬೆಳಿಗ್ಗೆ ನೋಡಿದರೆ ಬ್ಯಾಟರಿ ಸತ್ತಿರುತ್ತದೆ. 40 ವ್ಯಾಟಿಗೆ 5 ಆಂಪಿಯರ್ ಫ್ಯೂಸ್ ಸರಿ. ಅದು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು, ಏಕೆಂದರೆ ಫ್ಯೂಸ್ ಕಾಯುವುದು ದೀಪವನ್ನಲ್ಲ, ತನ್ನ ಮುಂದಿನ ವೈರನ್ನು. ಫ್ಯೂಸಿಗೂ ಬ್ಯಾಟರಿಗೂ ನಡುವಿನ ವೈರ್ ಎಲ್ಲಾದರೂ ಉಜ್ಜಿ ಚಾಸಿಗೆ ತಾಗಿದರೆ ಅದನ್ನು ಕಾಯುವವರು ಯಾರೂ ಇಲ್ಲ. ಫ್ಯೂಸ್ ಪದೇ ಪದೇ ಹೋಗುತ್ತಿದೆ ಎಂದು 15 ಆಂಪಿಯರಿನದು ಹಾಕಿ ಕಳಿಸುವುದು ಬೆಂಕಿಗೆ ದಾರಿ ಮಾಡಿಕೊಟ್ಟ ಹಾಗೆ. ದೀಪದ ವೈರ್ 1.5 ಚದರ ಮಿ.ಮೀ., ಸ್ವಿಚ್ಚಿನದು 0.75 ಇದ್ದರೆ ಸಾಕು. ಬಣ್ಣ ಬಳಿದ ಚಾಸಿನ ಮೇಲೆ ಅರ್ಥ್ ನಂಬಬೇಡಿ, ಬ್ಯಾಟರಿಯ ಮೈನಸ್‌ಗೇ ಒಯ್ಯಿರಿ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ವೈರ್ ಬಿಗಿಯಾಗುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಟೈ ಬಿಗಿಯಿರಿ.

ಸ್ವಿಚ್ಚಿಗೆ ಕರೆಂಟು ಎಲ್ಲಿಂದ ತೆಗೆಯುವುದು ಎಂಬಲ್ಲಿ ಬಲ್ಲವರೂ ಎಡವುತ್ತಾರೆ. ಹಳೆಯ 100 ಸಿಸಿ ಬೈಕುಗಳಲ್ಲಿ ಅನೇಕವಕ್ಕೆ ಹೆಡ್‌ಲೈಟ್ ನಡೆಯುವುದು ಎಂಜಿನ್ ತಿರುಗಿದಾಗ ಹುಟ್ಟುವ ಎಸಿ ಕರೆಂಟಿನಲ್ಲಿ, ಬ್ಯಾಟರಿಯ ಡಿಸಿಯಿಂದಲ್ಲ. ರೇಸ್ ಕೊಟ್ಟಾಗ ಬೆಳಕು ಏರಿ, ಬಿಟ್ಟಾಗ ಮಂಕಾದರೆ ಎಸಿ ಎಂದೇ ಅನುಮಾನಿಸಿ, ಮೀಟರ್ ಹಿಡಿದು ನೋಡಿ. ಆ ವೈರಿಗೆ ರಿಲೇ ಕಟ್ಟಿದರೆ ‘ಟಕ್’ ಎಂದು ಒಮ್ಮೆ ಹಿಡಿಯುವ ಬದಲು ಟರ್‌ರ್ ಎಂದು ಗುಂಯ್ಗುಡುತ್ತದೆ, ದೀಪ ಮಿಣುಕುತ್ತದೆ. ಅಂಥ ಬೈಕಿಗೆ ಕೀ ಹಾಕಿದ ಮೇಲೆ ಬರುವ ಡಿಸಿ ವೈರೇ ಆಗಬೇಕು. 2017ರ ಏಪ್ರಿಲ್ 1ರಿಂದ ಈಚೆಗಿನ ಬೈಕುಗಳಲ್ಲಿ ಎಂಜಿನ್ ನಡೆಯುತ್ತಿರುವಾಗ ಹೆಡ್‌ಲೈಟ್ ತಾನಾಗಿ ಉರಿಯುವುದರಿಂದ, ಲೋ ಬೀಮ್ ವೈರಿಗೆ ಕಟ್ಟಿದ ದೀಪ ಹಗಲೂ ಉರಿಯುತ್ತಲೇ ಇರುತ್ತದೆ. ಮಧ್ಯೆ ಬೇರೆ ಸ್ವಿಚ್ ಬೇಕೇ ಬೇಕು.

ದೂರಕ್ಕೆ ಹೊಡೆಯುವ ಸ್ಪಾಟ್ ದೀಪಕ್ಕಾದರೆ ನಮ್ಮ ಆಗ್ರಹ ಒಂದೇ: ಹೈ ಬೀಮ್ ವೈರಿಗೆ ಕಟ್ಟಿ. ಎದುರು ಗಾಡಿ ಕಂಡು ಡಿಪ್ಪರ್ ಒತ್ತಿದಾಗ ಹೆಡ್‌ಲೈಟ್ ತಗ್ಗುವುದರ ಜೊತೆಗೇ ಅವೂ ಆರಬೇಕು. ಎಸಿ ಹೆಡ್‌ಲೈಟಿನ ಬೈಕಾದರೆ ಹಾಗೆ ಕಟ್ಟಲಾಗದು, ಕೈಯಿಂದಲೇ ಆರಿಸಲು ಸ್ವಿಚ್ಚು ಎಡಗೈ ಹೆಬ್ಬೆರಳಿಗೆ ಸಿಗುವಂತಿರಲಿ. ಘಾಟಿನ ತಿರುವಿನಲ್ಲಿ ಎದುರಿನವನಿಗೆ ಎರಡು ಕ್ಷಣ ಏನೂ ಕಾಣದಿದ್ದರೆ ಅವನು ಬಂದು ಬೀಳುವುದು ನಮ್ಮ ಮೇಲೆಯೇ.

ಮಂಜಿಗೆ ಬೇಕಾದದ್ದು ಅಗಲವಾಗಿ ಹರಡುವ, ತಗ್ಗಿನಲ್ಲಿ ಕೂತ ದೀಪ. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎನ್ನುವ ಮಾತಿಗೆ ಹೆಚ್ಚು ತೂಕವಿಲ್ಲ. ಮಂಜಿನ ಹನಿ ಬೆಳಕಿನ ಅಲೆಗಿಂತ ಬಹಳ ದೊಡ್ಡದು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚೆದುರಿಸುತ್ತದೆ. ಹಳದಿ ಕಣ್ಣಿಗೆ ಹಿತ, ಅಷ್ಟೇ. ಕೆಲಸ ಮಾಡುವುದು ದೀಪದ ಎತ್ತರ ಮತ್ತು ಕೋನ.

ಗೋವಾದ ಗಾಳಿಯಲ್ಲಿ ಉಪ್ಪಿದೆ. ಟೇಪ್ ಸುತ್ತಿದ ಜಾಯಿಂಟನ್ನು ಒಂದು ಮಳೆಗಾಲ ಕಳೆದು ಬಿಚ್ಚಿ ನೋಡಿ: ಟೇಪಿನ ಅಂಟು ಜಾರಿ, ಒಳಗೆ ತಾಮ್ರದ ಎಳೆಗಳು ಹಸಿರು ಪುಡಿಯಾಗಿ, ಬೆರಳು ಮುಟ್ಟಿದರೆ ಉದುರುತ್ತವೆ. ಟರ್ಮಿನಲ್ ಹಾಕಿ ಇಕ್ಕಳದಿಂದ ಒತ್ತಿ ಕ್ರಿಂಪ್ ಮಾಡಿ, ಮೇಲೆ ಬಿಸಿಗೆ ಕುಗ್ಗಿ ಹಿಡಿಯುವ ಹೀಟ್ ಶ್ರಿಂಕ್ ಕೊಳವೆ ಏರಿಸಿ. ಬರೀ ಬೆಸುಗೆ ಹಾಕಿದರೆ ಬೆಸುಗೆ ಮುಗಿಯುವಲ್ಲಿ ವೈರ್ ಗಡುಸಾಗಿ ಕಂಪನಕ್ಕೆ ಮುರಿಯುತ್ತದೆ. ರಿಲೇಯನ್ನು ಸೀಟಿನ ಕೆಳಗೆ, ಕಾಲು ಕೆಳಮುಖವಾಗಿ ಕೂರಿಸಿ. ವೈರ್ ರಿಲೇಗೆ ಸೇರುವ ಮುನ್ನ ಸ್ವಲ್ಪ ಕೆಳಗೆ ಇಳಿದು ಮೇಲೆ ಬರಲಿ, ಹನಿ ಅಲ್ಲೇ ತೊಟ್ಟಿಕ್ಕುತ್ತದೆ.

ಕೆಲಸ ಮುಗಿದ ಮೇಲೆ ಎಲ್ಲ ದೀಪ ಹಚ್ಚಿ, ಎಂಜಿನ್ ನಡೆಸಿ, ಬ್ಯಾಟರಿ ಮೇಲೆ ಮಲ್ಟಿಮೀಟರ್ ಇಡಿ. ಸ್ವಲ್ಪ ರೇಸಿನಲ್ಲೂ 13 ವೋಲ್ಟ್ ದಾಟದಿದ್ದರೆ ಆ ಬೈಕಿಗೆ ಆ ದೀಪ ಭಾರ. ಕಡಿಮೆ ವ್ಯಾಟಿನದು ಹಾಕಿ. ಡಬ್ಬದ ಮೇಲಿನ ವ್ಯಾಟ್ ನಂಬುವ ಬದಲು ಆಂಪಿಯರ್ ಅಳೆಯಿರಿ.

ಫ್ಲ್ಯಾಶ್ ಆಗುವ ಮೋಡ್ ಇರುವ ದೀಪ ಬೇಡವೇ ಬೇಡ. ಮುಂದಕ್ಕೆ ಕೆಂಪು ದೀಪಕ್ಕೆ ಕಾನೂನಿನಲ್ಲೂ ಜಾಗವಿಲ್ಲ. ಮಾರುವವರು ದೀಪದ ಜೊತೆಗೇ ರಿಲೇ, ಫ್ಯೂಸ್ ಹೋಲ್ಡರ್ ಕೊಡಲಿ, ಕೊಳ್ಳುವವರು ಕೇಳಿ ಪಡೆಯಲಿ. ದೀಪದ ಬೆಲೆಯ ಮುಂದೆ ಅದು ಏನೇನೂ ಅಲ್ಲ.

ಕೋನ ಹೊಂದಿಸುವುದಕ್ಕೆ ಗೋಡೆಯಿಂದ 5 ಮೀಟರ್ ದೂರ ಬೈಕ್ ನಿಲ್ಲಿಸಿ. ಮಂಜಿನ ದೀಪ ನೆಲದಿಂದ 60 ಸೆಂ.ಮೀ. ಎತ್ತರದಲ್ಲಿದ್ದರೆ ಗೋಡೆಯ ಮೇಲೆ ಬೆಳಕಿನ ಮೇಲಂಚು 50 ಸೆಂ.ಮೀ. ದಾಟಬಾರದು, 50ರಲ್ಲಿ ಇಟ್ಟರೆ ಅದು ಸುಮಾರು 30 ಮೀಟರ್ ಆಚೆ ನೆಲ ಮುಟ್ಟುತ್ತದೆ. ಇದನ್ನು ಖಾಲಿ ಬೈಕಿನಲ್ಲಿ ಮಾಡಬೇಡಿ. ಹಿಂದೆ ಒಬ್ಬರು ಕೂತು, ಬ್ಯಾಗು ಕಟ್ಟಿದರೆ ಹಿಂಭಾಗ ತಗ್ಗಿ ಬೆಳಕು ಮೇಲೇರುತ್ತದೆ. ಊರಿಗೆ ಹೊರಡುವ ಹಿಂದಿನ ಸಂಜೆ, ಟೈರಿಗೆ ಗಾಳಿ ತುಂಬಿಸಿ, ಹೋಗುವವರೆಲ್ಲ ಕೂತು, ಸಾಮಾನು ಏರಿಸಿಯೇ ನೋಡಿಕೊಳ್ಳಿ.

— ವಾಹನಗಳ ವೈರಿಂಗ್ ಕೆಲಸ ಮಾಡುವ ಕನ್ನಡಿಗರು, ವಾಸ್ಕೋ, ಗೋವಾ