ಉಪವಾಸದ ವಿಚಾರವಾಗಿ ಅಮ್ಮನಿಗೆ

ಡಬ್ಲಿನ್
ತಪಸ್ಸು ಕಾಲದ ಎರಡನೆಯ ವಾರ

ಪ್ರೀತಿಯ ಅಮ್ಮನಿಗೆ ನಿನ್ನ ಹಿರಿಯ ಮಗಳು ಮಾಡುವ ವಂದನೆಗಳು.

ನಾವು ಕ್ಷೇಮ. ಇಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ದಾವಣಗೆರೆಯಲ್ಲಿ ಆಗಲೇ ಬಿಸಿಲೇರಿದೆ ಎಂದು ತಂಗಿ ತಿಳಿಸಿದಳು. ಜೊತೆಗೆ, ನೀನು ಹೇಳಬೇಡವೆಂದಿದ್ದ ಸುದ್ದಿಯನ್ನೂ ತಿಳಿಸಿದಳು. ಅವಳನ್ನು ಬೈಯಬೇಡ. ಈಸ್ಟರಿಗೆ ಮುಂಚಿನ ಈ ನಲವತ್ತು ದಿನಗಳ ತಪಸ್ಸು ಕಾಲದಲ್ಲಿ ಶುಕ್ರವಾರ ಸಂಜೆ ಶಿಲುಬೆ ಹಾದಿಯ ಪ್ರಾರ್ಥನೆ ಮುಗಿಯುವವರೆಗೂ ನೀನು ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲವಂತೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ಬರಿಹೊಟ್ಟೆಯಲ್ಲಿ ನುಂಗುತ್ತೀಯಂತೆ. ವಾರ್ಡಿನಲ್ಲಿ ದಿನವೂ ಇಂಥವರನ್ನೇ ನೋಡುವ ನಾನು ಸುಮ್ಮನಿರುವುದು ಹೇಗೆ? ನಿನಗೆ ಬರೆದುಕೊಟ್ಟಿರುವ ಆ ಮಾತ್ರೆ ನುಂಗಿ ಊಟ ಬಿಟ್ಟರೆ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ. ಮೊದಲು ಬೆವರು, ಕೈನಡುಕ. ಆಮೇಲೆ ಎಚ್ಚರ ತಪ್ಪಲೂಬಹುದು. ಹಾಗಾದರೆ ಮಾತ್ರೆಯನ್ನೂ ಬಿಡುತ್ತೇನೆ ಎನ್ನಬೇಡ, ಅದು ಇನ್ನೊಂದು ಗಂಡಾಂತರ.

ದೇವರಿಗಾಗಿ ಇಷ್ಟೂ ಮಾಡದಿದ್ದರೆ ಹೇಗೆ ಎನ್ನುತ್ತೀಯೆ. ಪಕ್ಕದ ಮನೆಯವರು ಏಕಾದಶಿಗೆ ನೀರನ್ನೂ ಮುಟ್ಟುವುದಿಲ್ಲ, ಎದುರು ಮನೆಯವರು ರಂಜಾನ್ ಉಪವಾಸ ಹಿಡಿಯುತ್ತಾರೆ, ಓಣಿಯಲ್ಲಿ ನಾವೇ ಕಡಿಮೆಯೇ ಎಂಬ ಲೆಕ್ಕವೂ ನಿನ್ನೊಳಗೆ ಇದೆ. (ಇಲ್ಲವೆನ್ನಬೇಡ, ನಾನು ನಿನ್ನ ಮಗಳು.) ಆದರೆ ನಮ್ಮ ಕಥೋಲಿಕ ಧರ್ಮಸಭೆ ಉಪವಾಸವನ್ನು ಕಡ್ಡಾಯ ಮಾಡಿರುವುದು ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ, ಎರಡೇ ದಿನ. ಅದೂ 18 ತುಂಬಿದವರಿಂದ 59 ತುಂಬುವವರೆಗೆ. ಆ ದಿನಗಳಲ್ಲೂ ಒಂದು ಹೊತ್ತು ಪೂರ್ತಿ ಊಟ, ಎರಡು ಹೊತ್ತು ಅಲ್ಪಾಹಾರ ಉಂಟು. ಇಲ್ಲಿ ಡೊನೆಗಾಲ್ ಕೌಂಟಿಯ ಒಂದು ಸರೋವರದ ನಡುಗಡ್ಡೆಯಲ್ಲಿ ಲಾಕ್ ಡರ್ಗ್ ಎಂಬ ಯಾತ್ರಾಸ್ಥಳವಿದೆ. ಮೂರು ದಿನ ಬರಿಗಾಲು, ಮೊದಲ ರಾತ್ರಿ ಪೂರ್ತಿ ಜಾಗರಣೆ, ದಿನಕ್ಕೊಮ್ಮೆ ಒಣ ಬ್ರೆಡ್ಡು ಮತ್ತು ಹಾಲಿಲ್ಲದ ಚಹಾ. ಅಷ್ಟು ಕಠಿಣ ತಪಸ್ಸಿನ ಜಾಗದಲ್ಲೂ ಕಾಯಿಲೆಯವರನ್ನು ಸೇರಿಸುವುದಿಲ್ಲ.

ಅಮ್ಮ, ಹಸಿವು ನಿನಗೆ ಹೊಸದಲ್ಲ. ಅಪ್ಪನ ಹತ್ತಿ ಗಿರಣಿ ಮುಚ್ಚಿದ ವರ್ಷ ನಮಗೆ ಬಡಿಸಿ, ತನಗೆ ಹಸಿವಿಲ್ಲವೆಂದು ಎದ್ದುಹೋಗುತ್ತಿದ್ದವಳು ನೀನು. ನನ್ನ ಮಟ್ಟಿಗೆ ಆರಾಧನೆ ಎಂದರೆ ಅದೇ. ಯಾರೂ ಅದಕ್ಕೆ ಗಂಟೆ ಬಾರಿಸಲಿಲ್ಲ. ಅನ್ನ ಬಿಡುವುದು ನಿನಗೆ ಎಂದೋ ರೂಢಿಯಾಗಿದೆ. ರೂಢಿಯಾಗದೆ ಉಳಿದಿರುವುದು ಹಠ ಬಿಡುವುದು. ಉಪವಾಸದ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಮನೆಯವರೆಲ್ಲ ನಿನ್ನ ಸಿಟ್ಟಿಗೆ ಹೆದರಿ ಪಡಸಾಲೆಗೆ ಬರುವುದಿಲ್ಲವಂತೆ. ಯೆಶಾಯನ ಗ್ರಂಥದ 58ನೇ ಅಧ್ಯಾಯ ಓದಿಸಿಕೊಂಡು ಕೇಳು. ನಾವು ಉಪವಾಸವಿದ್ದರೂ ನೀನೇಕೆ ನೋಡುವುದಿಲ್ಲ ಎಂದು ಜನ ದೇವರನ್ನು ಕೇಳುತ್ತಾರೆ. ಉಪವಾಸದ ದಿನವೂ ನಿಮಗೆ ಬೇಕಾದದ್ದನ್ನೇ ಮಾಡುತ್ತೀರಿ, ಜಗಳವಾಡುತ್ತೀರಿ, ಹಸಿದವನಿಗೆ ಅನ್ನ ಹಂಚಿ ಎಂಬುದು ಉತ್ತರ.

ಅಪ್ಪನನ್ನು ನೋಡು. ಸಂಜೆಯ ಮಂಡಕ್ಕಿ, ಮೆಣಸಿನಕಾಯಿ ಬಿಟ್ಟು ಆ ಹಣವನ್ನು ಗಿರಣಿಯ ಹಳೆಯ ಗೆಳೆಯನ ಮೊಮ್ಮಗನ ಶಾಲೆಗೆ ಎತ್ತಿಡುತ್ತಿದ್ದಾರಂತೆ. ಇಲ್ಲಿಯೂ ಟ್ರೋಕರ ಎಂಬ ಸಂಸ್ಥೆ, 1973ರಲ್ಲಿ ಐರ್ಲೆಂಡಿನ ಬಿಷಪರು ಆರಂಭಿಸಿದ್ದು, ತಪಸ್ಸು ಕಾಲಕ್ಕೆ ಮನೆಮನೆಗೆ ರಟ್ಟಿನ ಪೆಟ್ಟಿಗೆ ಕೊಡುತ್ತದೆ. ಮಕ್ಕಳು ಚಾಕೊಲೇಟು ಬಿಟ್ಟು ಉಳಿಸಿದ ಕಾಸು ಅದಕ್ಕೆ ಬೀಳುತ್ತದೆ. ಬಿಟ್ಟದ್ದು ಇನ್ನೊಬ್ಬರ ತಟ್ಟೆ ಸೇರಬೇಕು, ಅಷ್ಟೇ.

ಸಂತ ಪೌಲರು ರೋಮನರಿಗೆ ಬರೆದದ್ದು ದೇಹವನ್ನು ಸಜೀವ ಬಲಿಯಾಗಿ ಒಪ್ಪಿಸಿ ಎಂದು. ಜೀವವಿದ್ದರೆ ತಾನೆ? ಹೊತ್ತಿಗೆ ಸರಿಯಾಗಿ ಉಣ್ಣು. ಒಪ್ಪಿಸಲೇಬೇಕೆಂದಿದ್ದರೆ ಚಿಕ್ಕಮ್ಮನ ಮೇಲಿನ ಮುನಿಸನ್ನು ಒಪ್ಪಿಸು. ಅಜ್ಜನ ಮನೆಯ ಪಾಲಿನ ವಿಷಯದಲ್ಲಿ ತಪ್ಪು ಅವರದೇ ಇರಬಹುದು. ನಾನೂ ಹಾಗೇ ತಿಳಿದಿದ್ದೇನೆ. ಆದರೂ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ಒಡಹುಟ್ಟಿದವರೊಡನೆ ರಾಜಿಯಾಗು ಎಂದು ಯೇಸು ಹೇಳುವಾಗ ತಪ್ಪು ಯಾರದು ಎಂದು ವಿಚಾರಿಸಲಿಲ್ಲ. ಒಂದು ಹೊತ್ತಿನ ಅನ್ನಕ್ಕಿಂತ ಇದು ನಿನಗೆ ಎಷ್ಟು ಭಾರ ಎಂಬುದು ನನಗೆ ಗೊತ್ತು. ಗೊತ್ತಿರುವುದರಿಂದಲೇ ಕೇಳುತ್ತಿದ್ದೇನೆ.

ಸಕ್ಕರೆ ನೋಡುವ ಯಂತ್ರದ ಪಟ್ಟಿಗಳಿಗೆ ಹಣ ಕಳುಹಿಸಿದ್ದೇನೆ, ಬೇರೆಯದಕ್ಕೆ ಖರ್ಚು ಮಾಡಬೇಡ. ಸೆಪ್ಟೆಂಬರ್ 8ಕ್ಕೆ ರಜೆ ಸಿಕ್ಕರೆ ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಬರುತ್ತೇನೆ. ಚಿಕ್ಕಮ್ಮನ ಹೊಸ ನಂಬರು ತಂಗಿಯ ಮೊಬೈಲಿನಲ್ಲಿದೆ.

ನಿನ್ನ ಮಗಳು